ಸರಪಳಿಯ ಟ್ಯಾಗ್

ದೇವಿಕೊಪ್ಪದ ಹತ್ತಿರದ ಗೋದಾಮಿನಲ್ಲಿ ನಾನು ಮೇಸ್ತ್ರಿ. ಕರಾವಳಿಯ ಹಡಗು ಕಾರ್ಖಾನೆಗೆ ಹೋಗುವ ಉಕ್ಕು, ಲಂಗರಿನ ಸರಪಳಿ ನಮ್ಮಲ್ಲಿ ಇಳಿಯುತ್ತವೆ. ಪ್ರತಿ ಸಾಮಾನಿಗೂ ಒಂದು ಟ್ಯಾಗ್ ಇರುತ್ತದೆ. ಕೈಯಂತ್ರದಲ್ಲಿ ಅದರ ನಂಬರ್ ಒತ್ತಿದರೆ, ಟ್ಯಾಗ್ ಹತ್ತಿರವಾದಷ್ಟೂ ಯಂತ್ರ ಜೋರಾಗಿ ಕೂಗುತ್ತದೆ. ನಂಬದವರು ನಂಬಬೇಡಿ, ನಡೆದದ್ದನ್ನು ಹೇಳುತ್ತೇನೆ.

ಎಣ್ಣೆ ಸವರಿದ ಕಬ್ಬಿಣದಿಂದ ಟ್ಯಾಗ್ ಜಾರುತ್ತದೆಂದು ಸಾಮಾನು ಇಳಿಸುವ ನಮ್ಮ ಕುತುಬುದ್ದೀನ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಸರಪಳಿ ಇಳಿದ ಮೇಲೆ ತಂತಿಯಿಂದ ಕಟ್ಟುತ್ತಿದ್ದ. ಒಂದು ದಿನ ಕ್ರೇನಿನ ಕೊಕ್ಕೆ ಮುರಿದು ಸರಪಳಿ ಅವನ ಎದೆಯ ಮೇಲೆಯೇ ಬಿತ್ತು. ಪಕ್ಕೆಲುಬು ಮುರಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಟ್ಯಾಗ್ ಎದೆಯೊಳಗೆ ಹೂತುಹೋಗಿತ್ತು. ಅದರೊಂದಿಗೇ ಅವನನ್ನು ಮಣ್ಣು ಮಾಡಿದರು.

ಮುಂದಿನ ವಾರ ಮಟಮಟ ಮಧ್ಯಾಹ್ನ, ಮಣ್ಣಾದ ಆ ಟ್ಯಾಗಿನ ನಂಬರನ್ನು ಅಳಿಸಲೆಂದು ಕೂಲಿಯಾಳು ಹೊಳೆಪ್ಪ ಅದನ್ನು ಯಂತ್ರದಲ್ಲಿ ಒತ್ತಿದ. ಯಂತ್ರ ಕೂಗತೊಡಗಿತು.

“ಕಾಕಾ, ನಾವು ನಿಂತಲ್ಲೇ ನಿಂತೇವಿ. ಇದ್ಯಾಕ ಜೋರಾಗಾಕತ್ತೇತಿ?”

“ಬಂದ್ ಮಾಡಲೇ ಅದನ್ನ!”

“ಬಂದ್ ಮಾಡೇನ್ರಿ! ಆದ್ರೂ ಕೂಗತೈತ್ರಿ!”

ಹಸಿ ರಕ್ತದ ವಾಸನೆ ಬಂತು. ಕಾದ ತಗಡಿನ ಕೆಳಗೂ ನನ್ನ ಕತ್ತು ತಣ್ಣಗಾಯಿತು. ಸಿಟ್ಟು ನೆತ್ತಿಗೇರಿ, “ಯಾವನಲೇ ಅಂವ, ಬಾ!” ಎಂದು ಹಾರೆ ಎತ್ತಿ ಎದುರಿನ ಖಾಲಿ ಜಾಗಕ್ಕೆ ಬೀಸಿದೆ. ಹಾರೆ ಮೆತ್ತಗಿನ ಯಾವುದಕ್ಕೋ ಬಡಿಯಿತು. ಮತ್ತೆ ಅದೇ ಪಕ್ಕೆಲುಬಿನ ಸದ್ದು. ನನ್ನ ಬೆನ್ನ ಹಿಂದೆ ನಿಂತಿದ್ದ ಹೊಳೆಪ್ಪ ರಕ್ತ ಕಾರಿ ಬಿದ್ದ.

ಅವನು ಬದುಕಿದ. ಎದೆಯ ಮೇಲೆ ಒಂದು ತರಚು ಗಾಯವೂ ಇರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಎದೆ ಕೊಯ್ದು, ಮುರಿದ ಪಕ್ಕೆಲುಬುಗಳ ನಡುವಿನಿಂದ ಆ ಟ್ಯಾಗ್ ತೆಗೆದು ನನ್ನ ಕೈಗಿಟ್ಟರು. ಅದಕ್ಕೆ ಅಂಟಿದ್ದ ಮಣ್ಣು ಇನ್ನೂ ಹಸಿಯಾಗಿತ್ತು.