ನಲವತ್ತೊಂದು ಸಲ ನೋಡಿದ ಪುಟ

ಸತತ ಮೂರನೇ ದಿನವೂ ಅವನು ಹಸಿರು ಅಂಗಿ ಹಾಕಿಕೊಂಡು ಅಂಗಡಿಗೆ ಬಂದಾಗ ನನಗೆ ಅನುಮಾನ ಬಂತು.

ಅನುಮಾನ ಪಡುವುದು ನಮ್ಮ ಮನೆತನದ ಕಸುಬು. ಚಿಕ್ಕಪ್ಪ ಬೀಗ ರಿಪೇರಿಯವರು. ಯಾರೇ ಕೀಲಿ ಮಾಡಿಸಲು ಬಂದರೂ ಮೊದಲು ಮುಖ ನೋಡುತ್ತಾರೆ, ಆಮೇಲೆ ಬೀಗ. ಅವರ ಅಂಗಡಿಗೆ ವೆಬ್‌ಸೈಟ್ ಮಾಡಿಕೊಡಲು ಕೂತಾಗ "ವಿಳಾಸ ಮಾತ್ರ ಹಾಕ್ಬೇಡ, ಕಳ್ರು ಬರ್ತಾರೆ" ಎಂದಿದ್ದರು. ವಿಳಾಸವಿಲ್ಲದಿದ್ದರೆ ಗಿರಾಕಿಗಳೂ ಬರುವುದಿಲ್ಲ ಎಂದು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಇದ್ದದ್ದು ಮೂರೇ ಪುಟ: ಕೆಲಸ, ವಿಳಾಸ, ‘ನಮ್ಮ ಬಗ್ಗೆ’. ಅಕ್ಷರಗಳಿಲ್ಲದೆ ಪುಟದ ಅಂದ ಗೊತ್ತಾಗುವುದಿಲ್ಲ. ಏನು ಬರೆಯಬೇಕೆಂದು ಚಿಕ್ಕಪ್ಪ ಬಾಯಿ ಬಿಡುವವರೆಗೆ ಇರಲಿ ಎಂದು ಮನಸ್ಸಿಗೆ ಬಂದದ್ದನ್ನು ತುಂಬಿಸಿ, ಆಮೇಲೆ ಅಳಿಸಿ ಅವರ ಮಾತು ಹಾಕಿದ್ದೆ.

ಹಸಿರು ಅಂಗಿಯವನು ಪಕ್ಕದ ರಸ್ತೆಯ ಬೈಂಡಿಂಗ್‌ನವನು. ಬೀಗವಿರುವ ಡೈರಿಗಳನ್ನು ಕಟ್ಟುತ್ತಾನೆ. ಅವುಗಳ ಉಗುರಿನಷ್ಟು ಕೀಲಿ ನಮ್ಮಲ್ಲೇ ಆಗಬೇಕು. ಮೊದಲೆಲ್ಲ ವಾರಕ್ಕೊಮ್ಮೆ ತಲೆ ತಗ್ಗಿಸಿ ಬಂದು, ತಲೆ ತಗ್ಗಿಸಿಯೇ ಹೋಗುತ್ತಿದ್ದ. ವೆಬ್‌ಸೈಟ್ ಶುರುವಾದ ಮೇಲೆ ದಿನಾ ಬರುತ್ತಿದ್ದಾನೆ.

"ಕೀಲಿ ಎಣಿಸ್ತಿದ್ದೀರಾ?" ಎಂದ.

"ಹೌದು. ಯಾಕೆ?"

"ಎಷ್ಟಾಯ್ತು?"

ನಾನು ತಡವರಿಸಿದೆ. ಅವನು ನಕ್ಕ, ಎಡಗೆನ್ನೆ ಮಾತ್ರ ನಗುವ ನಗು. "ನಿಧಾನವಾಗಿ ಎಣಿಸಿ. ನಂಗೇನೂ ಅವಸರ ಇಲ್ಲ."

ನಾನು ಎಣಿಸುತ್ತಿಲ್ಲವೆಂದು ಇವನಿಗೆ ಹೇಗೆ ಗೊತ್ತಾಯಿತು?

ಅವನು ಹೋದ ಮೇಲೆ ಚಿಕ್ಕಪ್ಪ ಗೊಣಗಿದರು. "ಒಂದೇ ಡೈರಿಗೆ ಮೂರು ಕೀಲಿ ಮಾಡ್ಸಿದಾನೆ. ಇವ್ನ ಮೇಲೆ ಒಂದು ಕಣ್ಣಿಡು."

"ಇಟ್ಟಿದೀನಿ ಚಿಕ್ಕಪ್ಪ."

ಇಟ್ಟು ಒಂದು ವರ್ಷವಾಗಿತ್ತು. ಅದನ್ನು ಹೇಳಲಿಲ್ಲ.

ಆ ಮಧ್ಯಾಹ್ನ ಸೈಟಿಗೆ ಯಾರು ಯಾರು ಬಂದಿದ್ದಾರೆಂದು ನೋಡಿದೆ. ಒಂದೇ ಒಂದು ಫೋನು, ಒಂದೇ ಪುಟ, ‘ನಮ್ಮ ಬಗ್ಗೆ’. ನಲವತ್ತು ಸಲ.

"ಅದ್ರಲ್ಲಿ ಅಂಗಡಿ ಫೋಟೋ ಇದೆಯಲ್ಲ!" ಹೇಳಿದ್ದೇ ತಡ, ಚಿಕ್ಕಪ್ಪ ಎದ್ದು ನಿಂತರು. "ಕಪಾಟು ಎಲ್ಲಿದೆ ಅಂತ ನೋಡ್ತಿದಾನೆ ಯಾವನೋ." ಸುತ್ತಲಿನ ಎಷ್ಟೋ ಮನೆಗಳ ಕೀಲಿಯ ಅಚ್ಚು ಆ ಕಪಾಟಿನಲ್ಲಿತ್ತು.

ಮರುದಿನ ಬೈಂಡಿಂಗ್‌ನವನು ಕೌಂಟರಿಗೆ ಒರಗಿ ಫೋನ್ ತೆಗೆದು, ತನ್ನಷ್ಟಕ್ಕೆ ನಕ್ಕ. ನನ್ನ ಲ್ಯಾಪ್‌ಟಾಪಿನಲ್ಲಿ ನಲವತ್ತು ನಲವತ್ತೊಂದಾಯಿತು. ಲ್ಯಾಪ್‌ಟಾಪನ್ನು ಸದ್ದಿಲ್ಲದೆ ಚಿಕ್ಕಪ್ಪನ ಕಡೆ ತಿರುಗಿಸಿದೆ.

ಚಿಕ್ಕಪ್ಪ ಶಟರ್ ಅರ್ಧ ಎಳೆದರು. "ಏನಪ್ಪಾ ನಿನ್ನ ಉದ್ದೇಶ? ನಲವತ್ತೊಂದು ಸಲ ಏನು ನೋಡ್ದೆ ನಮ್ಮ ಸೈಟಲ್ಲಿ?"

ಅವನ ಮುಖ ಬಿಳಿಚಿಕೊಂಡಿತು. ನನ್ನನ್ನು ನೋಡಿದ. "ನಿಮಗೂ ನನ್ ಮೇಲೆ ಅನುಮಾನಾನಾ?"

"ಫೋನ್ ಕೊಡಿ" ಎಂದೆ ಗಡುಸಾಗಿ.

ಚಿಕ್ಕಪ್ಪನೂ ಕೈ ಚಾಚಿದ್ದರು. ಅವನು ಅದನ್ನು ನನ್ನ ಕೈಗೇ ಕೊಟ್ಟ.

ಲ್ಯಾಪ್‌ಟಾಪಿಗೊಂದು, ಫೋನಿಗೊಂದು ಎಂದು ಆ ಪುಟವನ್ನು ಎರಡು ಸಲ ಮಾಡಿದ್ದೆ. ಫೋನಿನದರಲ್ಲಿ ಹಳೆಯದನ್ನು ಅಳಿಸುವುದು ಮರೆತಿದ್ದೆ. ಅಂಗಡಿಯಲ್ಲಿ ನಿಂತ ಚಿಕ್ಕಪ್ಪನ ಫೋಟೋದ ಕೆಳಗೆ, ತುಂಬಿಸಲೆಂದು ಬರೆದ ನನ್ನದೇ ಸಾಲುಗಳು ಹಾಗೇ ಕೂತಿದ್ದವು.

"ಏನಿದೆ ಅದ್ರಲ್ಲಿ?" ಎಂದರು ಚಿಕ್ಕಪ್ಪ.

"ರೇಟ್ ನೋಡ್ತಿದ್ದೆ" ಎಂದ ಅವನು, ನನಗಿಂತ ಮೊದಲೇ.

"ನಲವತ್ತೊಂದು ಸಲ? ಸುಳ್ಳು ಹೇಳೋಕೂ ಬರಲ್ಲ ನಿಂಗೆ. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

"ಆಯ್ತು." ಡೈರಿಗಳ ಚೀಲ ಎತ್ತಿಕೊಂಡ.

ಕಳ್ಳನೆನಿಸಿಕೊಂಡು ಹೋಗಲು ತಯಾರು, ನನ್ನ ಗುಟ್ಟು ಬಿಟ್ಟುಕೊಡಲು ಮಾತ್ರ ತಯಾರಿಲ್ಲ. ನಾನು ಸುಮ್ಮನಿದ್ದರೆ ಮಾನ ಉಳಿಯುತ್ತದೆ. ಆದರೆ ಅವನು ಮತ್ತೆ ಬರುವುದಿಲ್ಲ. ಜೋರಾಗಿ ಓದಿದೆ.

"‘ಬೈಂಡಿಂಗ್‌ನವನು ಬಂದಾಗಲೆಲ್ಲ ನಾನು ಕೀಲಿ ಎಣಿಸುವ ನಾಟಕ ಆಡುತ್ತೇನೆ. ಒಂದು ದಿನವೂ ಹತ್ತು ದಾಟಿಲ್ಲ. ಹಸಿರು ಅಂಗಿ ಅವನಿಗೆ ಎಷ್ಟು ಚೆಂದ, ಹೇಳುವವರಿಲ್ಲ. ವಾರಕ್ಕೆ ಒಂದೇ ದಿನ ಯಾಕೆ ಬರುತ್ತಾನೋ.’"

ಚಿಕ್ಕಪ್ಪ ನನ್ನನ್ನು ನೋಡಿದರು, ಅಂಗಿಯನ್ನು ನೋಡಿದರು. "ಇದನ್ನ ಇನ್ಯಾರು ಓದಿದಾರೆ?"

"ಇನ್ಯಾರೂ ಸೈಟಿಗೇ ಬಂದಿಲ್ಲ ಚಿಕ್ಕಪ್ಪ. ಈಗ್ಲೇ ಅಳಿಸ್ತೀನಿ."

"ಅಳಿಸಿ" ಎಂದ ಅವನು, ಕಿವಿಯವರೆಗೆ ಕೆಂಪಾಗಿ. "ನಂಗೆ ಬಾಯಿಪಾಠ ಆಗಿದೆ."

"ಹೇಳಿ ನೋಡೋಣ" ಎಂದೆ. ನಮ್ಮ ಮನೆತನದವರು ಅಷ್ಟು ಸುಲಭಕ್ಕೆ ನಂಬುವುದಿಲ್ಲ.

ಚೀಲ ಕೆಳಗಿಟ್ಟು, ನನ್ನನ್ನೇ ನೋಡುತ್ತ, ಒಂದು ಪದವೂ ತಪ್ಪದೆ ಒಪ್ಪಿಸಿದ. ಕೊನೆಯಲ್ಲಿ ದನಿ ತಗ್ಗಿಸಿ ಇನ್ನೊಂದು ಸಾಲು ಸೇರಿಸಿದ: "‘ಅವನಿಗೂ ಇವಳೆಂದರೆ ಪ್ರಾಣ, ಹೇಳುವ ಧೈರ್ಯ ಇರಲಿಲ್ಲ.’"

ಶಟರ್ ಎತ್ತುತ್ತಿದ್ದ ಚಿಕ್ಕಪ್ಪ ತಿರುಗಿದರು. "ಆ ಕೊನೇ ಸಾಲು ಅದ್ರಲ್ಲಿತ್ತಾ?"

"ಇರ್ಲಿಲ್ಲ ಚಿಕ್ಕಪ್ಪ."

"ಹಾಗಾದ್ರೆ ಅದನ್ನ ಅವನ ಕೈಲೇ ಬರೆಸ್ಕೋ. ಬರೀ ಬಾಯಿಮಾತಲ್ಲಿ ಬಿಡ್ಬೇಡ."