ಒಬ್ಬನೇ ಒಡೆಯನ ನಾಯಿ

"ಮುಟ್ಟಬೇಡಿ!"

ದಾನ್‌ಬಿ ಕೂಗುವಷ್ಟರಲ್ಲಿ ಆ ಅಪರಿಚಿತನ ಕೈ ಆಗಲೇ ಬೇಲಿ ದಾಟಿ ಒಳಗೆ ಬಂದಿತ್ತು.

"ಏನೂ ಮಾಡಲ್ಲ ಬಿಡಿ. ನೋಡಿ, ಹೆಂಗೆ ಬಾಲ ಅಲ್ಲಾಡಿಸ್ತಿದಾನೆ... ನನ್ನ ಕಂಡು ಖುಷಿ ಅವನಿಗೆ..."

ಮಾತು ಮುಗಿಯಲಿಲ್ಲ. ಡೋಲ್‌ಸೆಯ ಹಲ್ಲು ಅವನ ಮುಂಗೈಗೆ ಇಳಿದಿತ್ತು!

"ಅಯ್ಯೋ ನನ್ನಪ್ಪಾ!" ಎನ್ನುತ್ತಾ ಒಳಗಿಂದ ಅಜ್ಜಿ ಓಡಿ ಬಂದಳು. ಕೈಯಲ್ಲಿ ದ್ವೆಂಜಾಂಗ್ ಭರಣಿ. ದಾನ್‌ಬಿ ಹಿಂದೆ ಮುಂದೆ ನೋಡದೆ ಆ ಉಪ್ಪುಪ್ಪು ಸೋಯಾ ಮುದ್ದೆಯನ್ನು ಬಾಚಿ ಅವನ ಗಾಯಕ್ಕೆ ಮೆತ್ತಿಬಿಟ್ಟಳು.

"ಅಮ್ಮಾ...!!"

ಅವನು ಕಿರುಚಿದ ರಭಸಕ್ಕೆ ಬೊಗಳುತ್ತಿದ್ದ ನಾಯಿಯೇ ಬೆಚ್ಚಿ ಬಾಯಿ ಮುಚ್ಚಿತು.

"ಏನ್ರೀ ಇದು? ಬೆಂಕಿ ಬಿದ್ದಂಗೆ ಉರೀತಿದೆ!"

"ನಾಯಿ ಕಚ್ಚಿದ್ದಕ್ಕೆ ಇದೇ ಮದ್ದು."

"ಯಾರು ಹೇಳಿದ್ದು?"

"ನಮ್ಮಜ್ಜಿ."

"ಅವರಿಗೆ ಯಾರು ಹೇಳಿದ್ದು?"

"ಅವರಜ್ಜಿ."

ಅವನು ಕೊಳಾಯಿ ಕೆಳಗೆ ಕೈಯಿಟ್ಟು, ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆದ. ಒಳ್ಳೇ ದ್ವೆಂಜಾಂಗ್ ಮೋರಿ ಪಾಲಾಯಿತಲ್ಲ ಎಂದು ಅಜ್ಜಿಯ ಮುಖ ಊದಿಕೊಂಡಿತು. ದಾನ್‌ಬಿಗೂ ರೇಗಿತು.

"ಬಾಲ ಅಲ್ಲಾಡಿಸಿದ್ರೆ ಖುಷಿ ಅಂತ ನಿಮಗ್ಯಾರು ಹೇಳಿದ್ದು?"

"ಸೈನ್ಯದಲ್ಲಿ... ನಮ್ಮ ಹವಾಲ್ದಾರ್ರು."

"ಅವರಿಗೆ?"

ಅವನು ತಲೆಯೆತ್ತಿ ನೋಡಿದ. ನೋವಲ್ಲೇ ನಕ್ಕುಬಿಟ್ಟ. ಅವಳಿಗೂ ತಡೆಯಲಾಗಲಿಲ್ಲ... ಅಪ್ಪ ಹೋದ ಮೇಲೆ ಆ ಮನೆಯಂಗಳದಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

ನಮ್ಮ ಜಿಂದೋ ದ್ವೀಪಕ್ಕೆ ಆಗ ಇದ್ದದ್ದು ಒಂದೇ ಸೇತುವೆ. ಊರಿಗೆಲ್ಲ ಒಂದೇ ಫೋನು, ಅದೂ ಮುಖ್ಯಸ್ಥರ ಮನೆಯಲ್ಲಿ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೆಟ್ಟದ ಬುಡದಿಂದ ಸಮುದ್ರದ ಅಂಚಿನವರೆಗೂ ಈರುಳ್ಳಿ ದಂಟಿನ ಹಸಿರು ಹೊಲಗಳು. ಚಳಿಗಾಲದ ಗಾಳಿಗೂ ಅದೇ ಘಾಟು, ನಮ್ಮ ಅಂಗಿಗೂ ಅದೇ ಘಾಟು. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ಸಾಕು, ಆ ದಿನಗಳೆಲ್ಲ ಕಣ್ಣ ಮುಂದೆ ಬಂದು ನಿಲ್ಲುತ್ತವೆ.

ದಾನ್‌ಬಿಯ ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ತಂದೆ ಹೋದದ್ದು ಆ ಬೇಸಿಗೆಯಲ್ಲಿ. ಮೊಕ್ಪೊ ಪಟ್ಟಣದ ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಅವಳು ಅಜ್ಜಿಯ ಜೊತೆಗಿರಲು ಊರಿಗೆ ಬಂದಿದ್ದಳು. ಅಪ್ಪ ಬಿಟ್ಟುಹೋದದ್ದು ಒಂದು ತುಂಡು ಹೊಲ, ಮತ್ತೆ ಡೋಲ್‌ಸೆ.

ಕಂದು ಮೈ, ಸುರುಳಿ ಬಾಲ, ನಿಗುರಿದ ಕಿವಿ... ಅಪ್ಪನಿದ್ದಾಗ ಅವನ ನೆರಳಿನಂತೆ ತಿರುಗುತ್ತಿದ್ದ ನಾಯಿ ಈಗ ಹತ್ತಿರ ಹೋದವರನ್ನೆಲ್ಲ ಕಚ್ಚಲು ಬರುತ್ತಿತ್ತು.

"ಜಿಂದೋ ನಾಯಿಗೆ ಒಬ್ಬನೇ ಒಡೆಯ ಕಣಮ್ಮ. ಅವನು ಹೋದ ಮೇಲೆ ಇದು ಯಾರ ಕೈಗೂ ಬಗ್ಗಲ್ಲ," ಎಂದಿದ್ದರು ಊರ ಮುಖ್ಯಸ್ಥ ಚೇ. "ಇನ್ನೊಂದು ಸಲ ಯಾರಿಗಾದ್ರೂ ಕಚ್ಚಲಿ, ಸಾಗಹಾಕಲೇಬೇಕು."

ಅಜ್ಜಿ ಅಳುತ್ತಾ ಕೈಮುಗಿದಾಗ, ಸೈನ್ಯದಲ್ಲಿ ನಾಯಿ ಪಳಗಿಸುತ್ತಿದ್ದ ಹುಡುಗನನ್ನು ಕರೆಸಿದ್ದೂ ಅದೇ ಮುಖ್ಯಸ್ಥರು. ಅವನೇ ಇನ್‌ಹೋ. ಬಂದ ಮೊದಲ ದಿನವೇ ಕಚ್ಚಿಸಿಕೊಂಡವನು!

ಮಾರನೇ ದಿನ ಅವನು ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿಕೊಂಡು, ಕೈಗೆ ಪಟ್ಟಿ ಕಟ್ಟಿಕೊಂಡು ಮತ್ತೆ ಬಂದ.

"ಮುಖ್ಯಸ್ಥರಿಗೆ ಹೇಳಲ್ವಾ?" ದಾನ್‌ಬಿ ಮೆಲ್ಲಗೆ ಕೇಳಿದಳು.

"ಏನು ಹೇಳಲಿ? ಮುಳ್ಳು ಚುಚ್ಚಿತು ಅಂದೆ."

*ಇವನು ಕೆಟ್ಟವನಲ್ಲ...* ಅನ್ನಿಸಿತು ಅವಳಿಗೆ.

ಆದರೆ ಅವನು ಪಳಗಿಸುವ ರೀತಿ ಅವಳಿಗೆ ಹಿಡಿಸಲಿಲ್ಲ. ನಾಯಿಯನ್ನು ನೆಲಕ್ಕೆ ಕೆಡವಿ, ಕತ್ತು ಅದುಮಿ, ಅದು ಸೋಲುವವರೆಗೂ ಬಿಡಬಾರದಂತೆ.

"ಮನೇಲಿ ದೊಡ್ಡವರು ಯಾರು ಅಂತ ಅದಕ್ಕೆ ಗೊತ್ತಾಗಬೇಕು."

"ಅದಕ್ಕೆ ಗೊತ್ತಾಗ್ತಿರೋದು ನೀವು ಕೆಟ್ಟವರು ಅಂತ ಅಷ್ಟೇ! ನಮ್ಮಪ್ಪ ಒಂದಿನಾನೂ ಹೀಗೆ ಮಾಡಿದವರಲ್ಲ."

"ನಿಮ್ಮಪ್ಪ ಏನು ಮಾಡ್ತಿದ್ರು?"

ಅವಳು ಖಾಲಿ ಜಗಲಿಯತ್ತ ನೋಡಿದಳು.

"...ಏನೂ ಮಾಡ್ತಿರಲಿಲ್ಲ. ಸಂಜೆ ಹೊಲದಿಂದ ಬಂದು ಜಗಲಿ ಮೇಲೆ ಕೂತ್ಕೊಳ್ತಿದ್ರು. ಅವನು ಬಂದು ಪಕ್ಕದಲ್ಲಿ ಮಲಗ್ತಿದ್ದ. ಅಷ್ಟೇ."

ಇನ್‌ಹೋ ಆ ಸಂಜೆ ಹಗ್ಗ ಮುಟ್ಟಲಿಲ್ಲ, ಜಗಲಿಯ ತುದಿಯಲ್ಲಿ ಸುಮ್ಮನೆ ಕೂತ. ಅಜ್ಜಿ ಕೆಂಡದಲ್ಲಿ ಸುಟ್ಟ ಗೆಣಸು ತಂದಿಟ್ಟಳು. ಅವನು ತಾನೊಂದು ಚೂರು ತಿಂದು, ಇನ್ನೊಂದನ್ನು ಅಂಗಳದಾಚೆಗೆ ಎಸೆದ. ಡೋಲ್‌ಸೆ ಅನುಮಾನದಿಂದಲೇ ಮೂಸಿ ನುಂಗಿತು.

ಮರುಸಂಜೆಯೂ ಅಷ್ಟೇ. ಅದರ ಮರುಸಂಜೆಯೂ. ಗೆಣಸು ಬೀಳುವ ಜಾಗ ಮಾತ್ರ ದಿನದಿಂದ ದಿನಕ್ಕೆ ಜಗಲಿಗೆ ಹತ್ತಿರವಾಯಿತು.

"ಹೆದರಿದ ನಾಯೀನ ಮುದ್ದು ಮಾಡಿದ್ರೆ ಇನ್ನೂ ಕೆಡ್ತದೆ," ಎಂದು ಅಜ್ಜಿ ಗೊಣಗುತ್ತಿದ್ದಳು. ಗೆಣಸು ಸುಡುವುದನ್ನು ಮಾತ್ರ ಬಿಡಲಿಲ್ಲ!

ಅದೆಂಥಾ ಶರತ್ಕಾಲ! ಅಂಗಳದ ತುಂಬ ಒಣಹಾಕಿದ ಕೆಂಪು ಮೆಣಸಿನಕಾಯಿ, ಒಣಗಲು ಸೂರಿನಿಂದ ಇಳಿಬಿಟ್ಟ ಕಿತ್ತಳೆ ಬಣ್ಣದ ಕಾಕಿ ಹಣ್ಣಿನ ಸರ, ದೂರದಲ್ಲಿ ದೋಣಿಗಳ ಟಕಟಕ ಸದ್ದು. ಜಗಲಿಯ ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ಅವಳು. ಅವನು ಸುಂಚನ್ ಪಟ್ಟಣದಲ್ಲಿದ್ದ ಅಮ್ಮನ ಇಸ್ತ್ರಿ ಅಂಗಡಿಯ ಕಥೆ ಹೇಳುತ್ತಿದ್ದ, ಅವಳು ಅಪ್ಪನ ಕಥೆ ಹೇಳುತ್ತಿದ್ದಳು. ಗೆಣಸು ಹತ್ತಿರವಾದಂತೆ ಅವರಿಬ್ಬರ ನಡುವಿನ ಜಾಗವೂ ಕಡಿಮೆಯಾಗುತ್ತಿತ್ತು.

"ದಾನ್‌ಬಿ ಅವರೇ..." ಒಂದು ಸಂಜೆ ಅವನು ಗೆಣಸಿನ ಸಿಪ್ಪೆ ಸುಲಿಯುತ್ತಾ ಕೇಳಿದ. "ಈ ಕೆಲಸ ಮುಗಿದ ಮೇಲೂ... ನಾನು ಇಲ್ಲಿಗೆ ಬರ್ತಾ ಇದ್ರೆ ನಿಮಗೆ ಬೇಜಾರಾ?"

ಅವಳ ಉತ್ತರ ಬಾಯಿಗೆ ಬರುವಷ್ಟರಲ್ಲಿ ಅಜ್ಜಿ ಕೆಮ್ಮುತ್ತಾ ಹೊರಬಂದಳು. ಉತ್ತರ ಬಾಯಲ್ಲೇ ಉಳಿಯಿತು.

ಚಳಿ ಬಿತ್ತು. ಡೋಲ್‌ಸೆ ಊಟ ಕಡಿಮೆ ಮಾಡಿತು.

"ನೋಡಿ, ಒಡೆಯನ ಹಿಂದೆ ಹೊರಟಿದೆ," ಎಂದರು ಊರವರು.

"ಹೋಗೋಕೆ ನಾನು ಬಿಡಲ್ಲ!" ಎಂದಳು ಅಜ್ಜಿ. ದನದ ಎಲುಬು ಕುದಿಸಿ, ಹೊಲದ ಈರುಳ್ಳಿ ದಂಟನ್ನು ಕಂತೆಗಟ್ಟಲೆ ಹೆಚ್ಚಿ ಹಾಕಿ ಗಟ್ಟಿ ಸಾರು ಮಾಡಿದಳು. ಬಾಣಂತಿಗೂ ರೋಗಿಗೂ ಮೈಯಲ್ಲಿ ಕಸುವು ತುಂಬುವ ಸಾರು, ನಾಯಿಗೇಕೆ ಬೇಡ? ದಾನ್‌ಬಿ ದಿನವೂ ಬಟ್ಟಲು ತುಂಬಿಸಿ ಅದರ ಮುಂದೆ ಇಟ್ಟಳು. ಡೋಲ್‌ಸೆ ನೆಕ್ಕಿ ನೆಕ್ಕಿ ತಿಂದಾಗ ಅವಳ ಕಣ್ಣು ತುಂಬಿತು. *ತಿನ್ನು ಕಂದಾ... ತಿನ್ನು.*

ಆ ವಾರವೇ ಅದು ನಡೆದದ್ದು. ಹೊಲದಿಂದ ಬಂದ ದಾನ್‌ಬಿ ಅಂಗಳದಲ್ಲಿ ಕಂಡ ನೋಟಕ್ಕೆ ಕಲ್ಲಾಗಿ ನಿಂತಳು. ಮುಖ್ಯಸ್ಥರು ಕೈಕಟ್ಟಿ ನಿಂತಿದ್ದರು. ಅವರ ಎದುರಿಗೆ ಇನ್‌ಹೋ ಡೋಲ್‌ಸೆಯನ್ನು ನೆಲಕ್ಕೆ ಕೆಡವಿ ಕತ್ತು ಅದುಮಿ ಹಿಡಿದಿದ್ದ. ನಾಯಿ ಹೆದರಿ ಅಲ್ಲೇ ಉಚ್ಚೆ ಮಾಡಿಕೊಂಡಿತ್ತು.

"ಬಿಡ್ರೀ ಅವನನ್ನ!"

ಇನ್‌ಹೋ ಕೈ ತೆಗೆದ. ಅವನ ಮುಖ ಬಿಳಿಚಿಕೊಂಡಿತ್ತು. ಏನೋ ಹೇಳಲು ಬಂದವನನ್ನು ಅವಳು ನೋಡಲೂ ಇಲ್ಲ.

ಎರಡು ದಿನ ಕಳೆದ ಮೇಲೆ, ಬೆಳಗ್ಗೆ ಹಿಮದ ಮೇಲೆ ಡೋಲ್‌ಸೆಯ ಮೂತ್ರ ಕೆಂಪಾಗಿ ಕಂಡಿತು. ಒಸಡು ಕಾಗದದಂತೆ ಬೆಳ್ಳಗಿತ್ತು. ನಿಲ್ಲಲು ಹೋಗಿ ಕುಸಿದುಬಿತ್ತು.

ಸುದ್ದಿ ಕೇಳಿ ಇನ್‌ಹೋ ಓಡಿ ಬಂದ.

"ಮುಟ್ಟಬೇಡ!" ಅವಳ ದನಿ ಸೀಳಿತು. "ಒಳಗೆ ಏನು ಒಡೆದಿಟ್ಟೆ ನೀನು? ಪ್ರೀತಿ ಮಾಡೋ ಥರ ನಟಿಸಿ ನಂಬಿಸಿ... ನೀನೇ ಇವನನ್ನ ಕೊಂದೆ!"

ಅವನು ತನ್ನ ಕೈಗಳನ್ನೇ ನೋಡುತ್ತಾ ನಿಂತ. ಅವಳ ಮಾತನ್ನು ಅವನೂ ನಂಬಿಬಿಟ್ಟಿದ್ದ.

"ಬಿಡಮ್ಮ, ಅದರ ಋಣ ಮುಗೀತು," ಎಂದರು ಮುಖ್ಯಸ್ಥರು. ದಾನ್‌ಬಿ ಕೇಳಲಿಲ್ಲ. ಅತ್ತು ಕರೆದು ಅವರ ಟ್ರಕ್ಕಿನಲ್ಲೇ ಮೊಕ್ಪೊ ನಾಯಿ ಡಾಕ್ಟರ ಬಳಿಗೆ ಹೋದಳು.

"ಏನು ಹಾಕ್ತಿದ್ದೀರಿ ತಿನ್ನೋಕೆ?" ಎಂದು ಕೇಳಿದರು ಆ ವಯಸ್ಸಾದ ಡಾಕ್ಟರಮ್ಮ.

"ಎಲುಬಿನ ಸಾರು ಡಾಕ್ಟ್ರೇ. ಈರುಳ್ಳಿ ದಂಟು ಹಾಕಿ ಚೆನ್ನಾಗಿ ಬೇಯಿಸಿ..."

ಡಾಕ್ಟರಮ್ಮನ ಕೈ ನಿಂತಿತು. "ಈರುಳ್ಳಿ, ದಂಟು, ಬೆಳ್ಳುಳ್ಳಿ... ಯಾವುದೂ ನಾಯಿಗೆ ಆಗಲ್ಲಮ್ಮ. ಬೇಯಿಸಿದ್ರೂ ಅಷ್ಟೇ, ರಕ್ತಾನೇ ಒಡೆದುಹೋಗ್ತದೆ."

"ಏಟು... ಏಟೇನಾದ್ರೂ ಬಿದ್ದಿದೆಯಾ ಇವನಿಗೆ?"

"ಏಟು ಎಲ್ಲೂ ಇಲ್ಲ. ಇದು ಸಾರಿನ ಕೆಲಸ."

ದಾನ್‌ಬಿ ಗೋಡೆಗೆ ಒರಗಿದಳು. ಪ್ರೀತಿಯಿಂದ ಬಡಿಸಿದ ಒಂದೊಂದು ಬಟ್ಟಲೂ ನೆನಪಾಯಿತು.

ಡೋಲ್‌ಸೆ ಬದುಕಿತು. ಅದನ್ನು ಮಡಿಲಲ್ಲಿಟ್ಟುಕೊಂಡು ಅವಳು ಊರಿಗೆ ಬಂದಾಗ, ಇನ್‌ಹೋ ತಂಗಿದ್ದ ಕೋಣೆ ಖಾಲಿಯಾಗಿತ್ತು. ಯಾರಿಗೂ ಹೇಳದೆ ಬಸ್ಸು ಹತ್ತಿದ್ದ.

ಆ ಚಳಿಗಾಲ ಬಲು ಉದ್ದವಾಗಿತ್ತು. ಸಂಜೆಯಾದರೆ ದಾನ್‌ಬಿ ಜಗಲಿಯಲ್ಲಿ ಒಬ್ಬಳೇ ಕೂರುತ್ತಿದ್ದಳು. *ಹೋಗಿ ಹುಡುಕಲಾ? ಯಾವ ಮುಖ ಹೊತ್ತು ಹೋಗಲಿ? ಅಷ್ಟು ಅಂದ ಮೇಲೆ...* ಹೀಗೇ ಯೋಚಿಸುತ್ತಾ ಗೆಣಸಿನ ಕಾಲವೇ ಮುಗಿದುಹೋಯಿತು.

ಒಂದು ದಿನ ಸುಂಚನ್ ಮಾರುಕಟ್ಟೆಗೆ ದಂಟಿನ ಹೊರೆ ಹಾಕಿ ಬಂದ ಮುಖ್ಯಸ್ಥರು ಅಜ್ಜಿಗೆ ಹೇಳುತ್ತಿದ್ದರು.

"ಆ ಹುಡುಗ ಸಿಕ್ಕಿದ್ದ ಕಣವ್ವ. ಅಮ್ಮನ ಅಂಗಡೀಲಿ ಇಸ್ತ್ರಿ ಹಾಕ್ಕೊಂಡಿದಾನೆ. ಒಂದು ನಾಯೀನ ಕೊಂದವನು ನಾನು, ಇನ್ಮೇಲೆ ಯಾವ ನಾಯೀನೂ ಮುಟ್ಟಲ್ಲ ಅಂತಾನೆ."

"ಅದು ಬದುಕಿದೆ ಅಂತ ಹೇಳಬಾರದಿತ್ತೇನೋ?"

"ಅಷ್ಟರಲ್ಲಿ ಯಾರೋ ಕರೆದ್ರು, ಒಳಗೆ ಹೋದ."

ದಾನ್‌ಬಿ ತೊಳೆಯುತ್ತಿದ್ದ ಬಟ್ಟಲು ಕೆಳಗಿಟ್ಟಳು. "ಮತ್ತೆ ಯಾವಾಗ ಹೋಗ್ತೀರಿ ಸುಂಚನ್‌ಗೆ?"

"ನಾಳೆ."

"ನಾನೂ ಬರ್ತೀನಿ. ಡೋಲ್‌ಸೆನೂ."

ದಾರಿಯುದ್ದಕ್ಕೂ ನಾಯಿ ಅವಳ ಕಾಲ ಬುಡದಲ್ಲಿ ಮುದುಡಿತ್ತು. ಮುಖ್ಯಸ್ಥರು ಏನನ್ನೋ ನುಂಗಿಕೊಳ್ಳುತ್ತಿದ್ದವರು, ಕೊನೆಗೆ ಬಾಯಿಬಿಟ್ಟರು.

"ಅವತ್ತು ಅಂಗಳದಲ್ಲಿ... ನನ್ನನ್ನ ನೋಡಿ ಇದು ಗುರ್ ಅಂತು. ನಾನೇ ಅಂದೆ, ಈಗ ಇಲ್ಲೇ ಬಗ್ಗಿಸಿ ತೋರಿಸು, ಇಲ್ದಿದ್ರೆ ಇವತ್ತೇ ಸಾಗಿಸ್ತೀನಿ ಅಂತ. ಬೇಡ ಅಂತ ಎಷ್ಟೋ ಬೇಡ್ಕೊಂಡ ಪಾಪ. ನಾನು ಕೇಳಲಿಲ್ಲ."

ದಾನ್‌ಬಿ ಕಿಟಕಿಯತ್ತ ತಿರುಗಿದಳು. ಹೊಲ, ಸಮುದ್ರ, ಸೇತುವೆ... ಎಲ್ಲ ನೀರಲ್ಲಿ ಕಲಸಿಹೋದವು.

ಇಸ್ತ್ರಿ ಅಂಗಡಿಯಲ್ಲಿ ಹಬೆ ತುಂಬಿತ್ತು. ಅವನು ತಲೆಯೆತ್ತದೆ ಕೇಳಿದ:

"ಯಾವಾಗ ಬೇಕು ಬಟ್ಟೆ?"

"ಇನ್‌ಹೋ ಅವರೇ..."

ಇಸ್ತ್ರಿಪೆಟ್ಟಿಗೆ ಹಿಡಿದ ಕೈ ನಿಂತಲ್ಲೇ ನಿಂತಿತು. ಅವನು ಸೊರಗಿದ್ದ. ಅವನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ.

"ಅವನು... ಕೊನೆಗೆ ತುಂಬಾ ನರಳಿದನಾ?"

"ಹೊರಗೆ ಟ್ರಕ್ಕಲ್ಲಿ ಕೂತಿದಾನೆ."

"ಏನಂದ್ರಿ?"

"ಬದುಕಿದಾನೆ! ನೀವು ಮಾಡಿದ್ದರಿಂದಲ್ಲ ಅವನಿಗೆ ಹಾಗಾಗಿದ್ದು. ನಾನೇ ಹಾಕಿದ ಈರುಳ್ಳಿ ದಂಟಿನ ಸಾರಿನಿಂದ. ಇದೇ ಕೈಯಾರೆ ವಿಷ ಹಾಕಿ, ನಿಮ್ಮನ್ನ... ನಿಮ್ಮನ್ನ..." ಅವಳು ಮುಖ ಮುಚ್ಚಿಕೊಂಡು ಬಿಕ್ಕಿದಳು.

ಅವನು ಹೊರಗೆ ಓಡಿದ. ಟ್ರಕ್ಕಿನ ಬಾಗಿಲು ತೆರೆದ.

ಡೋಲ್‌ಸೆ ಅವನನ್ನು ನೋಡಿತು. ಕಿವಿ ಹಿಂದಕ್ಕೆ ಮಡಚಿ, ನಡುಗುತ್ತಾ ಸೀಟಿನ ಕೆಳಕ್ಕೆ ಸರಿಯಿತು.

ಇನ್‌ಹೋ ಹಿಂದೆ ಸರಿದು ರಸ್ತೆಯಂಚಿಗೆ ಕುಸಿದು ಕೂತ. ಅವನ ಕಣ್ಣಲ್ಲಿ ನೀರಾಡಿತು.

"ಸಾರು ನಿಮ್ಮದಿರಬಹುದು. ಈ ಭಯ ಮಾತ್ರ ನಂದೇ ಅಲ್ವಾ? ಸಂಜೆಗಟ್ಟಲೆ ಕೂತು ಗಳಿಸಿದ್ದನ್ನ ಒಂದೇ ಗಳಿಗೇಲಿ ಕಳ್ಕೊಂಡೆ."

ದಾನ್‌ಬಿ ಅವನ ಪಕ್ಕ ಬಂದು ಕೂತಳು.

"ಮುಖ್ಯಸ್ಥರು ಎಲ್ಲಾ ಹೇಳಿದ್ರು. ಅವನನ್ನ ಉಳಿಸೋಕೆ ಹೋಗಿ ನೀವು ಹೆದರಿಸಿದ್ರಿ, ನಾನು ವಿಷ ಹಾಕಿದೆ. ಅವನು ನಮ್ಮಿಬ್ಬರನ್ನೂ ಕ್ಷಮಿಸಬೇಕು. ನನ್ನನ್ನ ಆಗಲೇ ಕ್ಷಮಿಸಿದಾನೆ... ನಿಮ್ಮ ಸರದಿ ಬಾಕಿ. ಊರಿಗೆ ಬನ್ನಿ."

"ಅದು ಒಂದು ದಿನದಲ್ಲಿ ಆಗೋ ಮಾತಲ್ಲ ದಾನ್‌ಬಿ."

"ಒಂದು ದಿನಕ್ಕೆ ಅಂತ ಯಾರು ಕರೆದ್ರು ನಿಮ್ಮನ್ನ?"

ಅವನು ತಿರುಗಿ ಅವಳ ಮುಖ ನೋಡಿದ. ಅಳುವಿನ ನಡುವೆಯೂ ಅವಳ ಕೆನ್ನೆ ಕೆಂಪೇರಿತ್ತು. ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಅವನಮ್ಮ ಮೆಲ್ಲಗೆ ಒಳಗೆ ಸರಿದಳು. ಮುಖ್ಯಸ್ಥರು ಇದ್ದಕ್ಕಿದ್ದಂತೆ ಟ್ರಕ್ಕಿನ ಚಕ್ರ ಪರೀಕ್ಷಿಸತೊಡಗಿದರು!

ಹೊಸ ಚಿಗುರಿನ ಮರದ ಕೆಳಗೆ ಬಿಸಿಲು ಬೆಚ್ಚಗಿತ್ತು. ಇನ್‌ಹೋ ಎದ್ದು ನಿಂತ. ಕೈ ಒರೆಸಿಕೊಂಡ.

"ಹಾಗಾದ್ರೆ... ಎಷ್ಟು ಬಟ್ಟೆ ತುಂಬಿಕೊಳ್ಳಲಿ?"

ಅವಳು ತಲೆತಗ್ಗಿಸಿ, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ಚಳಿಗಾಲದ್ದೂ ತಗೊಳ್ಳಿ."