ಎರಡನೆಯ ಫ್ಲ್ಯಾಷ್

ದರ್ಜಿ ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹಾರಿ ರೇಡಿಯೋ ಅಜ್ಜಿಯ ಬಾಗಿಲು ತಟ್ಟಿದ. ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು.

"ನನ್ನ ತಂಗೀನ ಕಳ್ಳಿ ಅಂತಿದ್ದಾರೆ, ಅಜ್ಜಿ! ಸಂಜೆಯೊಳಗೆ ಪೊಲೀಸರಿಗೆ ಹೇಳ್ತಾರಂತೆ."

ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಅಜ್ಜಿ ಈಗ ಜನರ ತಕರಾರು ಬಿಡಿಸುತ್ತಿದ್ದಳು. ಅವಳ ಜೊತೆ ಅಲೆಯುವುದು ದರ್ಜಿಗೆ ರೂಢಿ. ಇಂದು ಮಾತ್ರ ತಕರಾರು ಅವನ ಮನೆಯದೇ ಆಗಿತ್ತು.

ಕೆಳಗಿನ ಗಡಿಯಾರದ ಅಂಗಡಿಯಲ್ಲಿ ತಂಗಿ ತುಟಿ ಕಚ್ಚಿ ನಿಂತಿದ್ದಳು, ಎದುರಿಗೆ ಸಿಟ್ಟಾದ ಡಾಕ್ಟರು ನಿಂತಿದ್ದರು. ಅವಳು ರಿಪೇರಿ ಮುಗಿಸಿಟ್ಟಿದ್ದ ಡಾಕ್ಟರ ಚಿನ್ನದ ಜೇಬುಗಡಿಯಾರ ಮಾಯವಾಗಿತ್ತು. ಹಿಂದಿನ ದಿನ ಒಬ್ಬ ಫೋಟೋಗ್ರಾಫರ್ ಪರದೆ ಎಳೆದು, ಕತ್ತಲು ಮಾಡಿ, ಅವಳು ಕೆಲಸ ಮಾಡುವ ಚಿತ್ರ ತೆಗೆದಿದ್ದ. ಈಗ ಆ ಎರಡು ಫೋಟೋಗಳನ್ನು ಅವನೇ ಮೇಜಿನ ಮೇಲೆ ಹರವಿದ. ಮೊದಲನೆಯದರಲ್ಲಿ ಅವಳ ಮೊಣಕೈ ಪಕ್ಕ ಗಡಿಯಾರವಿತ್ತು. ಎರಡನೆಯದರಲ್ಲಿ ಇರಲಿಲ್ಲ.

"ಒಂದೇ ಉಸಿರಲ್ಲಿ ತೆಗೆದದ್ದು. ಮಧ್ಯೆ ಒಂದು ಸೆಕೆಂಡೂ ಇಲ್ಲ. ನಾನು ಕ್ಯಾಮೆರಾ ಬಿಟ್ಟು ಅಲ್ಲಾಡಿಲ್ಲ, ಎತ್ತಿದ್ದು ಇವಳೇ," ಎಂದ ಫೋಟೋಗ್ರಾಫರ್.

"ಸುಳ್ಳು! ನಾನು ಮಧ್ಯೆ ಸ್ಕ್ರೂ ತರೋಕೆ ಒಳಗೆ ಹೋಗಿದ್ದೆ," ಎಂದಳು ತಂಗಿ.

ಅಜ್ಜಿ ಎರಡೂ ಫೋಟೋಗಳನ್ನು ಕಣ್ಣಿಗೆ ಹತ್ತಿರ ಹಿಡಿದಳು. ಎರಡೂ ಒಂದೇ ಸಮ ಬೆಳಗಿದ್ದವು. "ನಿನ್ನೆ ಇದೇ ಫ್ಲ್ಯಾಷಾ? ಒಂದೇನಾ?"

"ಇದೊಂದೇ. ಬ್ಯಾಟರಿನೂ ಅದೇ."

"ಎಲ್ಲರೂ ಕೂತ್ಕೊಳ್ಳಿ. ಪರದೆ ಎಳೀರಿ. ಈಗ ಒಂದೇ ಉಸಿರಲ್ಲಿ ಎರಡು ಸಲ ಒತ್ತಪ್ಪ."

ಮೊದಲ ಬೆಳಕಿಗೆ ಡಾಕ್ಟರು ಕಣ್ಣು ಮುಚ್ಚಿಕೊಂಡರು. ಎರಡನೆಯದು ಬರೀ ಮಿಣುಕಿತು. ಫೋಟೋಗ್ರಾಫರ್ ಬ್ಯಾಟರಿ ಹಳೇದೆಂದು ಗೊಣಗಿ ಹೊಸದು ಹಾಕಿದ. ಮತ್ತೆ ಅದೇ ಮಿಣುಕು. ಅಜ್ಜಿ ಸನ್ನೆ ಮಾಡಲು ದರ್ಜಿ ಎಣಿಸತೊಡಗಿದ. ಫ್ಲ್ಯಾಷ್ ಮತ್ತೆ ಸಿದ್ಧವೆಂದು ತೋರಿಸುವ ಕೆಂಪು ದೀಪ ಹತ್ತುವಾಗ ಹದಿನಾಲ್ಕಕ್ಕೆ ಬಂದಿದ್ದ.

"ಇದರೊಳಗೆ ಕೆಪಾಸಿಟರ್ ಇದೆ," ಎಂದಳು ಅಜ್ಜಿ. "ಬ್ಯಾಟರಿ ಅದಕ್ಕೆ ವಿದ್ಯುತ್ ತುಂಬತ್ತೆ, ಒತ್ತಿದಾಗ ಎಲ್ಲಾ ಒಮ್ಮೆಲೇ ಹೊರಗೆ ಬರತ್ತೆ. ಖಾಲಿ ಇದ್ದಾಗ ಗಬಗಬ ಎಳ್ಕೊಳ್ಳತ್ತೆ. ತುಂಬ್ತಾ ಬಂದ ಹಾಗೆ ಅದೇ ಎದುರು ತಳ್ಳತ್ತೆ, ಹರಿವು ನಿಧಾನ ಆಗತ್ತೆ. ಬಸ್ಸು ಹತ್ತೋ ಜನದ ಹಾಗೆ. ಮೊದಲು ನುಗ್ತಾರೆ, ಕೊನೆಯವರು ಒಂದು ಕಾಲಿಡೋಕೂ ಒದ್ದಾಡ್ತಾರೆ. ಎರಡನೇ ಫೋಟೋ ಇಷ್ಟು ಬೆಳಗಬೇಕಾದ್ರೆ ನೀನು ಹದಿನಾಲ್ಕು ಸೆಕೆಂಡಾದ್ರೂ ಕಾದಿದ್ದೀಯ. ಒಂದು ಸೆಕೆಂಡು ಅಂತ ಯಾಕೆ ಸುಳ್ಳು ಹೇಳಿದೆ? ಅವಳು ಒಳಗೆ ಹೋದದ್ದು ಮುಚ್ಚೋಕೆ. ಆಗ ಇಲ್ಲಿದ್ದವನು ನೀನೊಬ್ಬನೇ."

ಫೋಟೋಗ್ರಾಫರನ ಹಣೆಯಲ್ಲಿ ಬೆವರೊಡೆಯಿತು. ಅವನು ಲೆನ್ಸಿನ ಚೀಲಕ್ಕೆ ಕೈಹಾಕಿ ಗಡಿಯಾರ ತೆಗೆದಿಟ್ಟ. "ಇವತ್ತೇ ಮಾರೋಣ ಅಂತಿದ್ದೆ," ಎಂದು ತಲೆ ತಗ್ಗಿಸಿದ.

ದರ್ಜಿ ಆಗ ಕೊರಳಿನ ಟೇಪನ್ನು ಎಳೆದೆಳೆದು ಬೆರಳಿಗೆ ಸುತ್ತತೊಡಗಿದ. ಅಪಾಯವೆಲ್ಲ ಕಳೆದ ಮೇಲೆ ಇದೇನು ಎಂದು ಅವನಿಗೇ ನಗು ಬಂತು.

ಡಾಕ್ಟರು ತಂಗಿಯ ಮುಂದೆ ಕೈಜೋಡಿಸಿದರು. "ತಪ್ಪಾಯ್ತಮ್ಮ. ಮನೇಲಿ ಅಪ್ಪನ ಗೋಡೆ ಗಡಿಯಾರ ನಿಂತುಹೋಗಿದೆ. ನಿಮ್ಮ ಹತ್ರಾನೇ ತರಲಾ?"

ಅವಳು ಕಣ್ಣೊರೆಸಿಕೊಂಡಳು. "ತನ್ನಿ. ಆದ್ರೆ ರಸೀತಿ ಬರೆಸ್ಕೊಂಡು ಹೋಗಿ, ಸಾರ್. ಈ ಸಲ ನಿಮ್ಮ ಸಹಿ ಇರೋ ಒಂದು ಪ್ರತಿ ನನಗೂ ಬೇಕು, ಮತ್ತೆ ಯಾರೂ ಕಳ್ಳಿ ಅನ್ನಬಾರದು."